ಹನ್ನೆರಡು ಗ್ರಾಂ

ಕಾರವಾರದಿಂದ ಮೊದಲ ಬಸ್ಸು. ಕಾಲ ಬಳಿ ಇಲಾಖೆಯ ಪೆಟ್ಟಿಗೆ:
ಹಿತ್ತಾಳೆಯ ಮೂಲ ಬಟ್ಟುಗಳು, ಸುತ್ತಿಗೆ, ಮುದ್ರೆಯ ಉಳಿ.
ಶರಾವತಿ ಸೇತುವೆಯ ಮೇಲೆ ಅದು ಗಿಲಗಿಲ ಅಂದಾಗ
ಪಕ್ಕದ ಮೀನಿನ ಹೆಂಗಸು ಕೇಳಿದಳು, "ದೇವರ ಪಾತ್ರೆಯೋ?"
ಹೌದೆಂದೆ.

ಭಟ್ಕಳದ ಹಳೆಪೇಟೆಯಲ್ಲಿ ನನಗೆ ಗೊತ್ತಿಲ್ಲದ ಕಳವಿರಲಿಲ್ಲ.
ತೂಕದ ಕಲ್ಲಿನ ಹೊಟ್ಟೆಯಲ್ಲಿ ಸೀಸ, ಸೀಸದ ಮೇಲೆ ನಮ್ಮ ಮುದ್ರೆ.
ಅದನ್ನು ಕೆರೆದು ಮೇಣ ತುಂಬುವವರು,
ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವವರು,
ದಂಡಿಗೆ ಕಿರುಬೆರಳು ತಾಗಿಸಿ
ಮಳೆಯ ಸುದ್ದಿ ಮಾತಾಡುವವರು.
ಎಲ್ಲರನ್ನೂ ಹಿಡಿದಿದ್ದೇನೆ. ಕೆಲವರನ್ನು ಬಿಟ್ಟಿದ್ದೇನೆ.
ಬಿಟ್ಟದ್ದಕ್ಕೆ ಗೋಡಂಬಿ ಪೊಟ್ಟಣ, ಅರ್ಧ ಕಿಲೋ ಖರ್ಜೂರ.
ಲಂಚವೆನ್ನುತ್ತಿರಲಿಲ್ಲ ನಾನು. ಮರ್ಯಾದೆ ಎನ್ನುತ್ತಿದ್ದೆ.

ಮೀರಾನ್ ಸಾಹೇಬರ ಅಂಗಡಿ ಮಸೀದಿ ಓಣಿಯ ತಿರುವಿನಲ್ಲಿ.
ಅವರ ಒಂದು ಕಿಲೋ ಕಲ್ಲನ್ನು ಮೂಲದ ಎದುರು ಇಟ್ಟೆ.
ಬಾಗಿತು.
ಮತ್ತೆ ಇಟ್ಟೆ. ಕಲ್ಲಿನ ಕಡೆಗೇ ಬಾಗಿತು.
ಹನ್ನೆರಡು ಗ್ರಾಂ ಹೆಚ್ಚು.

"ಸೀಸ ಯಾರು ಹೊಯ್ದದ್ದು?"
"ನಾನೇ. ಎರಡು ವರ್ಷವಾಯಿತು, ಈ ಕೈ ನಡುಗುತ್ತದೆ.
ಯಾವಾಗ ಬೆರಳು ತಟ್ಟೆ ಮುಟ್ಟಿತೋ ನನಗೇ ತಿಳಿಯುವುದಿಲ್ಲ.
ನಾಳೆ ಅವನು ಲೆಕ್ಕ ತೆಗೆದು ಕೂತಾಗ
ಕೈ ನಡುಗಿತ್ತು ಅನ್ನಲೇ?
ಗಿರಾಕಿಯ ಅಕ್ಕಿ ನಡುಗಿರಲಿಲ್ಲವಲ್ಲ."

ರಿಜಿಸ್ಟರಿನಲ್ಲಿ ಕಡಿಮೆಗೆ ಒಂದು ಕಲಂ, ದಂಡಕ್ಕೆ ಒಂದು ಕಲಂ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಅಷ್ಟರಲ್ಲಿ ಎದುರಂಗಡಿಯ ಪ್ರಭುಗಳು ರಸ್ತೆ ದಾಟಿ ಬಂದರು.
ಘಟ್ಟ ಕುಸಿದು ಅಂದಿಗೆ ನಾಲ್ಕು ದಿನ.
"ಪೇಟೆಯಲ್ಲಿ ಈರುಳ್ಳಿ ಅರವತ್ತು, ಇವರದ್ದು ಇಪ್ಪತ್ತಾರು.
ಇದಕ್ಕೆ ಕಾನೂನಿಲ್ಲವೇ ಮಾರಾಯ್ರೆ?
ಸುತ್ತು ದಾರಿಯಲ್ಲಿ ಐವತ್ತಕ್ಕೆ ತರಿಸಿದ್ದೇನೆ, ನಾನು ಬದುಕುವುದು ಬೇಡವೇ?"
ಅವರ ಮಾತೂ ಸುಳ್ಳಲ್ಲ. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದಲ್ಲ.

ಸಾಹೇಬರು ಗೋಡೆಯ ಸ್ಲೇಟು ತೋರಿಸಿದರು:
ಖರೀದಿ ಇಪ್ಪತ್ತೆರಡು, ಲಾರಿ ಎರಡು, ನನ್ನದು ಎರಡು.
ಮನೆಗೆ ಎರಡು ಕಿಲೋ ಮಾತ್ರ.
"ಗುಡ್ಡ ಬೀಳುವ ಮೊದಲು ಬಂದ ಮಾಲು ಪ್ರಭುಗಳೇ.
ಬಿದ್ದದ್ದರ ಲಾಭ ನನಗೆ ಹೇಗೆ?
ಗುಡ್ಡ ನನ್ನ ಪಾಲುದಾರನಲ್ಲ.
ನಾಡಿದ್ದಿಗೆ ಮೂಟೆ ಮುಗಿಯುತ್ತದೆ.
ಆಮೇಲೆ ಬಂದವರನ್ನು ನಿಮ್ಮಲ್ಲಿಗೇ ಕಳಿಸುತ್ತೇನೆ."
ನೆನೆದ ಈರುಳ್ಳಿಯೆಲ್ಲ ಮೇಲೆ ಹರವಿತ್ತು, ಒಣಗಿದ್ದು ಅಡಿಯಲ್ಲಿ,
ವ್ಯಾಪಾರ ಬಾರದವನ ಅಂಗಡಿಯ ಹಾಗೆ.

ತಪ್ಪು ಕಲ್ಲು ತಪ್ಪು ಕಲ್ಲೇ.
ಉಳಿ ಹಿಡಿದು ಹನ್ನೆರಡು ಗ್ರಾಂ ಕೆರೆದೆ,
ಸರಿ ಮಾಡಿ ಮುದ್ರೆ ಹೊಡೆದೆ. ಅವರು ಕೈಮುಗಿದರು.
ವಾಡಿಕೆಯಂತೆ ಖರ್ಜೂರದ ಕಡೆ ನೋಡಿದೆ.
ಅರ್ಧ ಕಿಲೋ ಕಟ್ಟಿದರು, ಮೇಲೊಂದು ಚೀಟಿ: ಐವತ್ತೈದು.
ನನಗಿಂತ ಮುಂಚೆ ನಿಂತಿದ್ದ ಶಾಲೆಯ ಹುಡುಗಿಗೆ ಹೇಳಿದ್ದೂ ಅದೇ.
ಹತ್ತೊಂಬತ್ತು ವರ್ಷಗಳಲ್ಲಿ
ಆ ಪೇಟೆಯಲ್ಲಿ ನಾನು ಪಾಕೀಟು ಬಿಚ್ಚಿದ್ದು ಅಂದೇ ಮೊದಲು.

ಬಸ್ಸಿಗೆ ಕಾಯುತ್ತ ದೂರದಿಂದ ನೋಡಿದೆ.
ಮಾಸ್ತಮ್ಮ ಎಂಬ ಹೂವಿನವಳು ಸೆರಗು ಒಡ್ಡಿದ್ದಳು.
ತಕ್ಕಡಿಯ ಮುಳ್ಳು ನೆಟ್ಟಗಾಯಿತು, ನನ್ನ ಮುದ್ರೆಗೆ ತಕ್ಕ ಹಾಗೆ.
ಆಮೇಲೆ ಆ ನಡುಗುವ ಕೈ
ಇನ್ನೊಂದು ಈರುಳ್ಳಿ ಎಸೆಯಿತು.

ಸೀಸದ ಚೂರು ನನ್ನ ಜೇಬಿನಲ್ಲೇ ಉಳಿದಿತ್ತು.
ಸರಕಾರದ್ದಲ್ಲ, ನನ್ನದಲ್ಲ.
ನಿವೃತ್ತಿಯಾಗಿ ಆರು ವರ್ಷಕ್ಕೆ ಕೊಡಲು ಹೋದೆ.
ಗಲ್ಲಾದಲ್ಲಿ ಮಗ ತುಫೈಲ್, ಕೆಂಪು ಅಂಕಿಯ ಹೊಸ ಯಂತ್ರ.
ಸ್ಲೇಟು ಅಲ್ಲೇ ಇತ್ತು, ಅಕ್ಷರ ಬೇರೆ.
"ಅಬ್ಬಾ ಹೋಗಿ ಎರಡು ರಮಜಾನ್ ಆಯಿತು," ಎಂದ.
ಚೂರನ್ನು ತಿರುಗಿಸಿ ನೋಡಿ ತಟ್ಟೆಯ ಮೇಲಿಟ್ಟ.

ಹತ್ತು ಗ್ರಾಂ ತೋರಿಸಿತು.
ತೆಗೆದು, ತಟ್ಟೆ ಒರೆಸಿ, ಮತ್ತೆ ಇಟ್ಟ.
ಹತ್ತೇ.